ಮುಗಿಲಿನ ಮೇಲೆ ಹೊರಿಸಿದ ಅಪವಾದ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಯಾವ ಹಳ್ಳಿಯಲ್ಲಿಯೇ ಆಗಲಿ, ಬೆಳೆ ಕೈಬಿಟ್ಟು ಹೋದಾಗ ಕೇಳಿಬರುವ ಮಾತು ಒಂದೇ: "ಮುಗಿಲು ಮುನಿಯಿತು." ಮಳೆ ಬಾರದಿದ್ದರೂ ಈ ಮಾತು, ಬೇಡವಾದ ಹೊತ್ತಿನಲ್ಲಿ ಬಂದು ಸುರಿದರೂ ಈ ಮಾತು, ಕಡಲೆ ಕೊಯ್ಲಿನ ದಿನಗಳಲ್ಲಿ ಆಣೆಕಲ್ಲು ಬಿದ್ದರೂ ಈ ಮಾತೇ. ಕಚೇರಿಯ ಭಾಷೆಯಲ್ಲಿ ಇದಕ್ಕೆ 'ನೈಸರ್ಗಿಕ ಆಪತ್ತು' ಎಂಬ ಗಂಭೀರವಾದ ಹೆಸರುಂಟು. ಹೆಸರು ಗಂಭೀರವಾದಷ್ಟೂ ಅದರ ಹಿಂದೆ ಅಡಗಿಕೊಳ್ಳುವವರಿಗೆ ಅನುಕೂಲ ಹೆಚ್ಚು. ಆಪತ್ತು ನಿಸರ್ಗದ್ದೆಂದ ಮೇಲೆ ಅದಕ್ಕೆ ಉತ್ತರ ಹೇಳಬೇಕಾದವರು ಯಾರೂ ಉಳಿಯುವದಿಲ್ಲ. ಮುಗಿಲಿಗೆ ಸಮನ್ಸು ಕಳಿಸಲು ಯಾವ ಕೋರ್ಟಿಗೂ ಬರುವದಿಲ್ಲವಷ್ಟೆ!

ನಾವು ಈ ಲೇಖನದಲ್ಲಿ ಮುಗಿಲಿನ ಪರವಾಗಿ ವಕಾಲತ್ತು ವಹಿಸಲು ನಿಂತಿದ್ದೇವೆ. ನಮ್ಮ ವಾದ ಇಷ್ಟೆ: ಮಳೆ ಕಡಿಮೆ ಮಾಡುವದು, ಹೆಚ್ಚು ಮಾಡುವದು ಮುಗಿಲಿನ ಕೆಲಸ, ಆದರೆ ಆ ಏರುಪೇರಿನಿಂದ ಯಾರ ಮನೆ ಬೀಳಬೇಕು, ಯಾರ ಒಲೆ ಆರಬೇಕು, ಯಾವ ಮಗು ಶಾಲೆ ಬಿಡಬೇಕು ಎಂಬದನ್ನು ನಿರ್ಣಯಿಸುವದು ನೆಲದ ಮೇಲಿನ ವ್ಯವಸ್ಥೆ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವದು ಅಜ್ಞಾನವಾಗಿದ್ದರೆ ಅದನ್ನು ಶಾಲೆಯಲ್ಲಿ ತಿದ್ದಬೇಕು. ಉಪಾಯವಾಗಿದ್ದರೆ ಅದನ್ನು ಬಯಲಿಗೆ ಎಳೆಯಬೇಕು.

ಮೊದಲು ನಮ್ಮ ನೆಲವನ್ನು ನೋಡೋಣ. ಬಾಲಾಘಾಟದ ದಿಬ್ಬಗಳ ಮೇಲೆ ಹರಡಿದ ಈ ಸೀಮೆ ಎರಡು ನದೀಕಣಿವೆಗಳ ನಡುವಿನದು. ಮಾಂಜರಾ ಮತ್ತು ಅದನ್ನು ಕೂಡುವ ತೇರಣಾ, ಲೇಂಡಿ ಮೊದಲಾದ ಹೊಳೆಗಳು ಕೊನೆಗೆ ಗೋದಾವರಿಗೆ ಸಲ್ಲುವವು. ಉಮರ್ಗಾದ ಕಡೆಯಿಂದ ಇಳಿಯುವ ಬೆಣ್ಣೆತೊರೆ ಮಾತ್ರ ಕಲಬುರಗಿ ಜಿಲ್ಲೆಯನ್ನು ಹೊಕ್ಕು ಕಾಗಿಣಾ ನದಿಯನ್ನು ಸೇರಿ, ಅದರ ಕೂಡ ಭೀಮೆಗೆ, ಅಲ್ಲಿಂದ ಕೃಷ್ಣೆಗೆ ಸಾಗುವದು. ಉದಗೀರ, ನಿಲಂಗಾಗಳು ೧೯೫೬ರ ಅಕ್ಟೋಬರ ಕೊನೆಯ ವರೆಗೆ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ರಾಜ್ಯ ಪುನರ್ವಿಂಗಡಣೆಯಾದ ಮೇಲೆ ಅವು ಮುಂಬಯಿ ಪ್ರಾಂತಕ್ಕೆ, ಮುಂದೆ ೧೯೬೦ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಗೆರೆಯ ಆಚೆಗೆ ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ. ಮೋಡವು ಈ ಗೆರೆಯನ್ನು ಕಂಡಿಲ್ಲ. ಅದೇ ಮಿರಗದ ಮಳೆಯಲ್ಲಿ ಬಸವಕಲ್ಯಾಣದ ರೈತನೂ ಉಮರ್ಗಾದ ರೈತನೂ ಕೂರಿಗೆ ಹೂಡುತ್ತಾರೆ. ಗೆರೆಯನ್ನು ಕಂಡಿರುವದು ಮೋಡದ ಸುದ್ದಿಯನ್ನು ಸಾರುವ ಕಚೇರಿ ಮಾತ್ರ. ಈ ಮಾತಿಗೆ ಮುಂದೆ ಬರುವೆವು.

ಮರಾಠವಾಡದ ಮಳೆಯ ಸರಾಸರಿ ವರ್ಷಕ್ಕೆ ಏಳು-ಎಂಟು ನೂರು ಮಿಲಿಮೀಟರಿನಷ್ಟು. ಇದನ್ನು ಮುಂದೆ ಹಿಡಿದು, "ಜಗತ್ತಿನಲ್ಲಿ ಇದಕ್ಕಿಂತ ಕಡಿಮೆ ಮಳೆಯಲ್ಲಿಯೂ ಜನ ಬಾಳುತ್ತಾರಲ್ಲ?" ಎಂದು ಕೇಳುವ ಪಂಡಿತರಿದ್ದಾರೆ. ಸರಾಸರಿ ಎಂಬದು ಒಂದು ವಿಚಿತ್ರವಾದ ತಾಟು. ಇಬ್ಬರಲ್ಲಿ ಒಬ್ಬ ಎರಡು ರೊಟ್ಟಿ ಉಂಡು ಇನ್ನೊಬ್ಬ ಉಪವಾಸ ಮಲಗಿದರೆ, ಲೆಕ್ಕದಲ್ಲಿ ಇಬ್ಬರೂ ಒಂದೊಂದು ರೊಟ್ಟಿ ಉಂಡಂತೆ! ೨೦೧೪ ಮತ್ತು ೨೦೧೫ರ ಮಳೆಗಾಲಗಳಲ್ಲಿ ಮರಾಠವಾಡದ ಮಳೆ ಸಾಲಾಗಿ ಎರಡೂ ವರ್ಷ ನೂರಕ್ಕೆ ಸುಮಾರು ನಲವತ್ತು ಪಾಲು ಕಡಿಮೆಯಾಯಿತು. ಮರುವರ್ಷ, ೨೦೧೬ರ ಮಳೆಗಾಲದ ಕೊನೆಗೆ, ಬತ್ತಿ ಬಿರುಕುಬಿಟ್ಟಿದ್ದ ಮಾಂಜರಾ ಜಲಾಶಯ ತುಂಬಿತು. ಹಂಗಾಮಿನ ಮಳೆಯೆಲ್ಲ ನಾಲ್ಕಾರು ದಿನಗಳಲ್ಲಿ ಸುರಿದು, ನಡುವೆ ತಿಂಗಳುಗಟ್ಟಲೆ ಒಣಬಿಸಿಲು ಬಿದ್ದರೂ ಸರಾಸರಿ ಮಾತ್ರ ಸರಿಯಾಗಿಯೇ ಇರುವದು. ಬೆಳೆ ಸರಾಸರಿಯನ್ನು ಕುಡಿದು ಬೆಳೆಯುವದಿಲ್ಲ.

ಬರಗಾಲವೆಂದರೆ ಮಳೆಯಿಲ್ಲದ ಕಾಲವೆಂದು ನಮ್ಮ ಮಕ್ಕಳು ಬರೆಯುತ್ತಾರೆ. ಬರೆದವರಿಗೆ ಪೂರ್ತಿ ಅಂಕಗಳೂ ದೊರೆಯುತ್ತವೆ. ಚರಿತ್ರೆ ಬೇರೆ ಹೇಳುವದು. ೧೮೭೬-೭೮ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮುಂಬಯಿ ಕರ್ನಾಟಕ, ನಿಜಾಮ ಸಂಸ್ಥಾನ, ಮೈಸೂರು, ಮದ್ರಾಸು ಪ್ರಾಂತಗಳು ಬೆಂದುಹೋದವು. ಮೈಸೂರು ಸೀಮೆಯೊಂದರಲ್ಲಿಯೇ ಪ್ರಜೆಗಳಲ್ಲಿ ಸುಮಾರು ಐದನೆಯ ಒಂದು ಪಾಲು ಅಳಿಯಿತು. ಮಳೆ ಹೋದದ್ದು ನಿಜ. ಆದರೆ ಅದೇ ಕಾಲದಲ್ಲಿ ಈ ದೇಶದ ಗೋದಿ ಹಡಗುಗಳಲ್ಲಿ ತುಂಬಿ ಇಂಗ್ಲೆಂಡಿಗೆ ಹೋಗುತ್ತಿದ್ದುದೂ ನಿಜ. ವೈಸರಾಯ ಲಿಟ್ಟನ್ನನು ಪೇಟೆಯ ವ್ಯವಹಾರದಲ್ಲಿ ಸರಕಾರ ಕೈಹಾಕಕೂಡದೆಂದನು. ಅವನ ಅಧಿಕಾರಿ ರಿಚರ್ಡ್ ಟೆಂಪಲ್ಲನು ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಒಂದಾಣೆಯೂ ಸಾಕೆಂದು ನಿಶ್ಚಯಿಸಿದನು. ಇದನ್ನು ನಿಶ್ಚಯಿಸಿದ್ದು ಮುಗಿಲೆ? ಮುಂದೆ ೧೮೮೦ರಲ್ಲಿ ವರದಿ ಒಪ್ಪಿಸಿದ ಕ್ಷಾಮ ಆಯೋಗವೇ ಒಪ್ಪಿಕೊಂಡಿತು: ದೇಶದಲ್ಲಿ ಧಾನ್ಯವಿತ್ತು, ಕೆಲಸ ತಪ್ಪಿ ಕೂಲಿ ಇಲ್ಲದ ಜನರಲ್ಲಿ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ನೂರು ವರ್ಷಗಳ ತರುವಾಯ, ೧೯೮೧ರಲ್ಲಿ, ಅಮರ್ತ್ಯ ಸೇನರು ಬಂಗಾಲ ಮೊದಲಾದ ಕಡೆಗಳ ಕ್ಷಾಮಗಳನ್ನು ಪರೀಕ್ಷಿಸಿ ಇದೇ ತತ್ತ್ವವನ್ನು ಶಾಸ್ತ್ರವಾಗಿ ಸ್ಥಾಪಿಸಿದರು.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮಲ್ಲಿಯೇ ಇದೆ. ೧೯೭೨ರ ಬರವನ್ನು ನಮ್ಮ ಊರುಗಳ ವೃದ್ಧರು ಇಂದಿಗೂ ಮರೆತಿಲ್ಲ. ಪರದೇಶದಿಂದ ಬಂದ ಕೆಂಪು ಮಿಲೊ ಜೋಳದ ರೊಟ್ಟಿ, ಜಲ್ಲಿ ಒಡೆಯುವ ಕಾಮಗಾರಿ, ದನಗಳ ಬಿಕರಿ, ಎಲ್ಲವೂ ಅವರ ನೆನಪಿನಲ್ಲಿವೆ. ಮಳೆಯ ಕೊರತೆಯಲ್ಲಿ ಅದು ಯಾವ ಹಳೆಯ ಬರಕ್ಕೂ ಕಡಿಮೆಯಾದದ್ದಲ್ಲ. ಆದರೆ ೧೮೭೭ರಂತೆ ಹಾದಿಬೀದಿಗಳಲ್ಲಿ ಹೆಣಗಳು ಬೀಳಲಿಲ್ಲ. ಕಾರಣವೇನು? ೧೯೭೩ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಲ್ಲಿ ಸುಮಾರು ಐವತ್ತು ಲಕ್ಷ ಜನ ಬರದ ಕಾಮಗಾರಿಗಳ ಮೇಲೆ ದುಡಿಯುತ್ತಿದ್ದರು. ಕೂಲಿಯ ಹಣ ಕೈಗೆ ಬಂದಿತು. ಹಣವಿದ್ದಲ್ಲಿಗೆ ಧಾನ್ಯ ಬಂದಿತು. ಅದರ ಪಾಠದಿಂದಲೇ ಮಹಾರಾಷ್ಟ್ರವು ೧೯೭೭ರಲ್ಲಿ ಉದ್ಯೋಗ ಖಾತರಿಯ ಕಾಯಿದೆ ಮಾಡಿತು. ೨೦೦೫ರಲ್ಲಿ ಇಡಿಯ ಭಾರತವು ಆ ತತ್ತ್ವವನ್ನು ಎತ್ತಿಕೊಂಡಿತು. ಮುಗಿಲು ಎರಡು ಸಲವೂ ಒಂದೇ ತೆರನಾಗಿ ಮುನಿದಿತ್ತು, ನೆಲದ ಮೇಲಿನ ವ್ಯವಸ್ಥೆ ಬೇರೆಯಾಗಿತ್ತು, ಫಲವೂ ಬೇರೆಯಾಯಿತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನಮಗೆ ಬೇಕಿಲ್ಲ.

ಇನ್ನು ಹತ್ತಿರದ ಕಾಲಕ್ಕೆ ಬರೋಣ. ೨೦೧೬ರ ಎಪ್ರಿಲ ೧೨ರಂದು ಮಿರಜೆಯಿಂದ ಸುಮಾರು ೩೪೦ ಕಿಲೋಮೀಟರು ದೂರ ಓಡಿ ನೀರಿನ ರೈಲು ಲಾತೂರಿಗೆ ಬಂದಿತು. ಹತ್ತು ಟಾಂಕಿಗಳಲ್ಲಿ ಐದು ಲಕ್ಷ ಲೀಟರು ನೀರು. ೨೦೧೧ರ ಖಾನೇಷುಮಾರಿಯಂತೆ ಲಾತೂರಿನ ಜನಸಂಖ್ಯೆ ಸುಮಾರು ೩ ಲಕ್ಷ ೮೦ ಸಾವಿರ. ತಲೆಗೆ ಬಿದ್ದದ್ದು ಒಂದೂಕಾಲು ಲೀಟರಿನಷ್ಟು. ಮುಂದೆ ಐವತ್ತು ಟಾಂಕಿಗಳ ರೈಲು ಬಂದು ಒಂದು ಸಾರಿಗೆ ಇಪ್ಪತ್ತೈದು ಲಕ್ಷ ಲೀಟರು ತಂದಿತು. ದೇಶವೆಲ್ಲ ಇದನ್ನು ಬೆರಗಾಗಿ ನೋಡಿತು. ಪತ್ರಿಕೆಗಳು ಮುಗಿಲಿನ ಕ್ರೌರ್ಯವನ್ನು ವರ್ಣಿಸಿದವು. ಈಗ ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಸುಮಾರು ನಾಲ್ಕು ಸಾವಿರ ಲೀಟರು. ಕಬ್ಬಿನ ಬೆಳೆ ಕೈಗೆ ಬರಲು ಸುಮಾರು ಎರಡು ಸಾವಿರ ಮಿಲಿಮೀಟರು ನೀರು ಬೇಕು. ಮಳೆ ಎಂಟು ನೂರು ಕೊಟ್ಟಿತೆಂದು ಧಾರಾಳವಾಗಿಯೇ ಎಣಿಸಿದರೂ ಉಳಿದ ಒಂದು ಸಾವಿರದ ಇನ್ನೂರನ್ನು ಕಾಲುವೆಯಿಂದಲೋ ಬಾವಿಯಿಂದಲೋ ಕೊಡಬೇಕು. ಅದು ಎಕರೆಗೆ ೪೮ ಲಕ್ಷ ಲೀಟರು. ಅಂದರೆ ಒಂದು ಎಕರೆ ಕಬ್ಬು ಒಂದು ಬೆಳೆಗೆ ಹೆಚ್ಚುಕಡಿಮೆ ಎರಡು ದೊಡ್ಡ ನೀರಿನ ರೈಲುಗಳನ್ನು ಕುಡಿಯುವದು! ಮಹಾರಾಷ್ಟ್ರದಲ್ಲಿ ನೂರು ಎಕರೆ ಸಾಗುವಳಿಯಲ್ಲಿ ನಾಲ್ಕು ಎಕರೆಯಷ್ಟನ್ನು ವ್ಯಾಪಿಸಿದ ಕಬ್ಬು ನೀರಾವರಿಯ ನೀರಿನಲ್ಲಿ ಸುಮಾರು ಮೂರನೆಯ ಎರಡು ಪಾಲನ್ನು ಎಳೆದುಕೊಳ್ಳುವದು. ಮಾಂಜರಾ, ತೇರಣಾಗಳ ದಂಡೆಗೆ ಸಕ್ಕರೆ ಕಾರಖಾನೆಗಳ ಚಿಮಣಿಗಳು ಏಳುವಾಗ ಯಾವ ಮುಗಿಲೂ ಸಹಿ ಹಾಕಿರಲಿಲ್ಲ.

ನಾವು ಕಬ್ಬು ಬೆಳೆಯುವ ರೈತನನ್ನು ನಿಂದಿಸುತ್ತಿಲ್ಲ. ಸರಕಾರ ದರ ನಿಗದಿ ಮಾಡಿ, ಕಾರಖಾನೆ ಕೊಳ್ಳುವೆನೆಂದು ಹೇಳುವ ಬೆಳೆ ಅದೊಂದೇ. ಆಣೆಕಲ್ಲಿಗೂ ಅಷ್ಟಾಗಿ ಸೋಲದ ಬೆಳೆ ಅದು. ಜೋಳ, ತೊಗರಿ, ಕಡಲೆ ಬಿತ್ತಿದವನಿಗೆ ಇಂಥ ಭರವಸೆ ಇಲ್ಲ. ಹೀಗಿರುವಾಗ ಬಾವಿಯಲ್ಲಿ ನೀರಿದ್ದವನು ಕಬ್ಬು ಹಚ್ಚಿದರೆ ಅದು ಅವನ ಲೋಭವಲ್ಲ, ಅವನ ಲೆಕ್ಕ. ತಪ್ಪಾದದ್ದು ಆ ಲೆಕ್ಕವನ್ನು ಹಾಗೆ ಕೂಡಿಸಿಟ್ಟ ಧೋರಣೆಯಲ್ಲಿದೆ. ಒಬ್ಬನ ಕಬ್ಬು ಹಸಿರಾಗಿರುವಾಗ ಅದೇ ಕಲ್ಲುಪದರಿನಿಂದ ನೀರು ಎಳೆಯುವ ನೆರೆಯವನ ಬಾವಿ ಒಣಗುವದು. ಬಾವಿ ಒಣಗಿದವನು ದೀಪಾವಳಿಯ ಹೊತ್ತಿಗೆ ಮುಕಾದಮನಿಂದ ಮುಂಗಡ ಹಣ ತೆಗೆದುಕೊಂಡು, ಹೆಂಡಿರು ಮಕ್ಕಳೊಡನೆ ಅದೇ ಕಬ್ಬನ್ನು ಕಡಿಯಲು ದೂರದ ಸೀಮೆಗೆ ಹೋಗುವನು. ಅವನು ಹೋದಾಗ ನಮ್ಮ ಶಾಲೆಯ ಹಾಜರಿಪಟದಲ್ಲಿ ಗೆರೆ ಬೀಳುವದು. ಗಡಿಯ ಕನ್ನಡ ಶಾಲೆಗಳಲ್ಲಿ ಮೊದಲೇ ಮಕ್ಕಳು ಬೆರಳೆಣಿಕೆಯಷ್ಟು. ಅವರಲ್ಲಿ ನಾಲ್ವರು ಕಬ್ಬಿನ ಗಾಡಿ ಹತ್ತಿದರೆ ಪಟಸಂಖ್ಯೆ ಇಳಿಯಿತು. ಪಟಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಅಳಿಯಿತು. ಹುದ್ದೆ ಅಳಿದರೆ ಶಾಲೆಯೇ ಮುಚ್ಚಿತು. ಕನ್ನಡದ ಉಳಿವಿನ ಬಗ್ಗೆ ನವೆಂಬರ ತಿಂಗಳಲ್ಲಿ ಭಾಷಣ ಮಾಡುವ ನಮ್ಮ ಮುಖಂಡರು ಬಾವಿಗಳ ಬಗ್ಗೆ ಎಂದೂ ಮಾತಾಡುವದಿಲ್ಲ. ಮಳೆ, ಬಾವಿ, ಬೆಂಚು ಇವು ಒಂದೇ ಹಗ್ಗದ ಗಂಟುಗಳೆಂಬ ತಿಳಿವಳಿಕೆ ಅವರಿಗೆ ಬರಬೇಕು.

ಕೊರತೆಯ ಮಾತಾಯಿತು, ಇನ್ನು ಅತಿಯಾದದ್ದರ ಮಾತು. ನಮ್ಮ ಹಿರಿಯರು ಜೋಳದ ನಡುವೆ ತೊಗರಿಯ ಸಾಲು, ಹೆಸರು, ಉದ್ದು, ಎಳ್ಳು ಎಂದು ಹಲವು ಬೆಳೆಗಳನ್ನು ಒಂದೇ ಹೊಲದಲ್ಲಿ ಇಡುತ್ತಿದ್ದರು. ಒಂದು ಹೋದರೆ ಒಂದು ಉಳಿಯುವದು. ಇಂದು ಈ ಸೀಮೆಯ ಮುಂಗಾರಿ ಬಹುಮಟ್ಟಿಗೆ ಸೋಯಾಬೀನ ಒಂದರ ಮೇಲೆ ನಿಂತಿದೆ. ಅದು ಕಟಾವಿಗೆ ಬರುವದು ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲಕ್ಕೆ, ಅಂದರೆ ಸಪ್ಟಂಬರದ ಕೊನೆ ಮತ್ತು ಅಕ್ಟೋಬರದಲ್ಲಿ. ಹಿಂದಿರುಗುವ ಮಳೆ ಜೋರಾಗುವ ಕಾಲವೂ ಅದೇ. ೨೦೨೦ರ ಅಕ್ಟೋಬರ ೧೩ರಂದು ಬಂಗಾಲ ಉಪಸಾಗರದ ವಾಯುಭಾರ ಕುಸಿತವು ಕಾಕಿನಾಡದ ಬಳಿ ದಂಡೆ ಹತ್ತಿ, ಹೈದರಾಬಾದು, ಕಲಬುರಗಿ, ಉಸ್ಮಾನಾಬಾದು, ಸೊಲ್ಲಾಪುರಗಳ ಮೇಲಿಂದ ಹಾಯ್ದು ಹೋಯಿತು. ಕೊಯ್ದು ಬಣವೆ ಹಾಕಿದ್ದ ಸೋಯಾಬೀನ ಹೊಲದಲ್ಲಿಯೇ ಮೊಳೆಯಿತು, ಕೊಳೆಯಿತು, ಹರಿದುಹೋಯಿತು. ೨೦೨೫ರ ಆಗಸ್ಟದಲ್ಲಿ ಉದಗೀರಿಗೆ ಹತ್ತಿರದ ಮುಖೇಡ ತಾಲೂಕಿನಲ್ಲಿ, ಪುನರ್ವಸತಿಯ ಪ್ರಶ್ನೆ ದಶಕಗಟ್ಟಲೆ ನೆನೆಗುದಿಗೆ ಬಿದ್ದಿದ್ದ ಲೇಂಡಿ ಯೋಜನೆಯ ಹಿನ್ನೀರಿನ ಊರುಗಳಿಗೆ ರಾತ್ರಿ ನೀರು ಹೊಕ್ಕು ಜನವೂ ದನವೂ ಸತ್ತವು. ಅದೇ ವರ್ಷದ ಸಪ್ಟಂಬರದಲ್ಲಿ ಮಾಂಜರಾ, ತೇರಣಾ, ಸೀನಾ ಹೊಳೆಗಳು ಉಕ್ಕಿ ಬೆಳೆಯಷ್ಟೇ ಅಲ್ಲ, ಬೆಳೆ ನಿಲ್ಲುವ ಎರೆಮಣ್ಣನ್ನೇ ತೊಳೆದುಕೊಂಡು ಹೋದವು. ಬೆಳೆ ಒಂದು ವರ್ಷದ ನಷ್ಟ. ಮಣ್ಣು ಒಂದು ತಲೆಮಾರಿನ ನಷ್ಟ.

ಇಂಥ ನಷ್ಟಕ್ಕೆ ಪರಿಹಾರ ಹೇಗೆ ದೊರೆಯುವದೆಂಬದನ್ನು ವಾಚಕರು ಗಮನಿಸಬೇಕು. ೨೦೧೬ರಲ್ಲಿ ಬಂದ ಬೆಳೆವಿಮೆಯ ಯೋಜನೆಯಲ್ಲಿ ಒಂದು ಕಲಮು ಇತ್ತು: ನಷ್ಟವಾದ ೭೨ ತಾಸುಗಳೊಳಗೆ ರೈತನು ಕಂಪನಿಗೆ ತಿಳಿಸಬೇಕು. ೨೦೨೦ರ ಅಕ್ಟೋಬರದ ಆ ದಿನಗಳನ್ನು ನೆನೆಯಿರಿ. ಹೊಲದಲ್ಲಿ ಎದೆಮಟ್ಟದ ನೀರು, ವಿದ್ಯುತ್ತು ಇಲ್ಲ, ಹಾದಿ ಕಡಿದಿದೆ. ಇಂಥಲ್ಲಿ ರೈತನು ಮೊಬೈಲಿನಲ್ಲಿ ಅರ್ಜಿ ತುಂಬಬೇಕು! ಉಸ್ಮಾನಾಬಾದು ಜಿಲ್ಲೆಯ ಲಕ್ಷಾಂತರ ರೈತರಿಗೆ ಈ ಕಾರಣದಿಂದಲೇ ವಿಮೆ ತಪ್ಪಿತು. ಕೊನೆಗೆ ಅವರು ನ್ಯಾಯಾಲಯದ ಮೆಟ್ಟಲು ಹತ್ತಿದರು. ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದು ಪೀಠವು ೨೦೨೨ರ ಮೇ ತಿಂಗಳಲ್ಲಿ ಸುಮಾರು ಮೂರೂವರೆ ಲಕ್ಷ ರೈತರ ಪರವಾಗಿ ತೀರ್ಪು ಕೊಟ್ಟು, ಪರಿಹಾರ ಸಲ್ಲಿಸಬೇಕೆಂದು ಆಜ್ಞೆ ಮಾಡಿತು. ಕಂಪನಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಮಳೆ ಎರಡು ದಿನದ್ದು, ವ್ಯಾಜ್ಯ ವರ್ಷಗಳದ್ದು. ಆ ೭೨ ತಾಸುಗಳನ್ನು ಯಾವ ಪಂಚಾಂಗದಲ್ಲಿಯೂ ಬರೆದಿರಲಿಲ್ಲ. ಮನುಷ್ಯರು ಕುಳಿತು ಬರೆದ ಕಲಮು ಅದು.

ಇನ್ನೊಂದು ಅಂಕಿ ೬೫. ಒಂದು ಮಹಸೂಲ ಮಂಡಲದ ಮಳೆಮಾಪಕದಲ್ಲಿ ೨೪ ತಾಸುಗಳಿಗೆ ೬೫ ಮಿಲಿಮೀಟರಿಗಿಂತ ಹೆಚ್ಚು ಮಳೆ ದಾಖಲಾದರೆ ಮಹಾರಾಷ್ಟ್ರದಲ್ಲಿ ಅದನ್ನು ಅತಿವೃಷ್ಟಿ ಎಂದು ಎಣಿಸುವರು. ಮಂಡಲದಲ್ಲಿ ಊರುಗಳು ಹಲವು, ಮಾಪಕ ಸಾಮಾನ್ಯವಾಗಿ ಒಂದು. ಮೋಡ ಒಂದು ಊರಿನ ಮೇಲೆ ಕವುಚಿ ಬಿದ್ದು ಎರಡು ಹರದಾರಿಯಾಚೆ ಹನಿಯನ್ನೂ ಹಾಕದಿರುವದು ನಮ್ಮ ಕಡೆಗೆ ನಿತ್ಯದ ನೋಟ. ಮಾಪಕದ ಊರಿನಲ್ಲಿ ೬೦ ಬಿದ್ದು ನಿಮ್ಮ ಊರಿನಲ್ಲಿ ೧೧೦ ಬಿದ್ದರೆ, ಕಾಗದದ ಮೇಲೆ ನಿಮ್ಮಲ್ಲಿ ಅತಿವೃಷ್ಟಿಯೇ ಆಗಿಲ್ಲ! ಅದರಂತೆ ಪರಿಹಾರ ಸಲ್ಲುವದು ಸಾತಬಾರಾ ಉತಾರದಲ್ಲಿ ಹೆಸರಿದ್ದವನಿಗೆ. ಬಾಯಿಮಾತಿನ ಪಾಲಿಗೆ ಮಾಡಿದವನಿಗೆ ಉತಾರವಿಲ್ಲ. ಕೂಲಿ ಮಾಡುವವಳಿಗೆ ಹೊಲವೇ ಇಲ್ಲ. ೨೦೧೪ರ ಫೆಬ್ರುವರಿ-ಮಾರ್ಚಿನಲ್ಲಿ ಮರಾಠವಾಡ ಮತ್ತು ಉತ್ತರ ಕರ್ನಾಟಕಗಳ ಮೇಲೆ ವಾರಗಟ್ಟಲೆ ಆಣೆಕಲ್ಲು ಬಿದ್ದು ಹಿಂಗಾರಿ ಜೋಳ, ಗೋದಿ, ಕಡಲೆಗಳು ನೆಲಕ್ಕೆ ಮಲಗಿದಾಗ, ಕೊಯ್ಲಿನ ಕೂಲಿಯನ್ನೇ ನಂಬಿದ್ದವರ ನಷ್ಟವನ್ನು ಯಾವ ಪಂಚನಾಮೆಯ ಯಾವ ಅಂಕಣದಲ್ಲಿ ಬರೆಯಬೇಕಿತ್ತು? ಅವರಿಗಾಗಿ ಅಂಕಣವೇ ಇರಲಿಲ್ಲ. ಆಣೆಕಲ್ಲು ಎಲ್ಲರ ಮೇಲೆ ಸಮನಾಗಿ ಬಿದ್ದಿತು. ಪರಿಹಾರ ಹಾಗೆ ಬೀಳಲಿಲ್ಲ.

ಈಗ ಭಾಷೆಯ ಮಾತು. ೧೯೯೩ರ ಸಪ್ಟಂಬರ ೩೦ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪವು ಔಸಾ ಮತ್ತು ಉಮರ್ಗಾ ತಾಲೂಕುಗಳ ಊರೂರನ್ನೇ ನೆಲಸಮ ಮಾಡಿತು. ಹತ್ತು ಸಾವಿರದ ಹತ್ತಿರ ಜನ ಸತ್ತರು. ಭೂಕಂಪ ಹೇಳಿ ಬರುವದಿಲ್ಲ. ಆದರೆ ಮಳೆ, ಬಿರುಗಾಳಿ, ಸಿಡಿಲುಗಳು ಈ ಕಾಲದಲ್ಲಿ ಹೇಳಿಯೇ ಬರುತ್ತವೆ. ಉಪಸಾಗರದಲ್ಲಿ ಸುಳಿ ಎದ್ದದ್ದು ದಿನಗಳ ಮುಂಚೆ ತಿಳಿಯುವದು. ಸಿಡಿಲಿನ ಮೋಡ ಕೆಲವು ತಾಸು ಮೊದಲೇ ಗುರುತಿಗೆ ಸಿಗುವದು. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಎಚ್ಚರಿಕೆ ಕೊಡುವದು. ರೈತರಿಗಾಗಿ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಕೃಷಿ ಹವಾಮಾನದ ಪತ್ರಿಕೆ ಹೊರಡುವದು. ಗೆರೆಯ ಈಚೆಗೆ ಅದು ಪರಭಣಿಯ ಕೃಷಿ ವಿದ್ಯಾಪೀಠದಿಂದ ಮರಾಠಿಯಲ್ಲಿ, ಆಚೆಗೆ ಕನ್ನಡದಲ್ಲಿ. ಆಕಾಶ ಒಂದೇ, ಎಚ್ಚರಿಕೆ ಎರಡು. ಈಚೆಯ ಕನ್ನಡಿಗನು ಆಚೆಯವನಿಗೆ ತಿಳಿದ ಸುದ್ದಿಯನ್ನು ಸಂತೆಯಲ್ಲಿ, ಮಳೆ ಬಿದ್ದ ಮೇಲೆ ಕೇಳುವನು.

"ಇಲ್ಲಿಯ ಕನ್ನಡಿಗರಿಗೆ ಮರಾಠಿ ಬರುವದಲ್ಲ?" ಎಂದು ಕೇಳುವರು. ಬರುವದು, ನಮ್ಮ ನೆರೆಯವರ ಭಾಷೆ ಅದು, ಅದರ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಸಂತೆಯ ಮರಾಠಿ ಬೇರೆ, ವಿಮೆಯ ಅರ್ಜಿಯ ಮರಾಠಿ ಬೇರೆ. ಆ ಅರ್ಜಿ ಮರಾಠಿ ತಾಯಿಯ ಮಗನಿಗೇ ತಿಳಿಯದಷ್ಟು ಕಠಿಣವಾದದ್ದು. ನಮ್ಮ ಹೊಲಗಳಲ್ಲಿ ದುಡಿಯುವ, ಓದು ಬಾರದ ತಾಯಂದಿರಿಗೆ ಅದನ್ನು ಯಾರು ಬಿಡಿಸಿ ಹೇಳಬೇಕು? ಇದೇ ಮಹಾರಾಷ್ಟ್ರ ಸರಕಾರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿ ನಮ್ಮ ಮಕ್ಕಳಿಗೆ ಪುಸ್ತಕಗಳನ್ನು ಕನ್ನಡದಲ್ಲಿ ಮುದ್ರಿಸಿ ಕೊಡುತ್ತಿದೆ. ಅದಕ್ಕಾಗಿ ನಾವು ಕೃತಜ್ಞರು. ಆದರೆ ಕೇಳುತ್ತೇವೆ: ಮಾನ್ಸೂನಿನ ಪಾಠವನ್ನು ಕನ್ನಡದಲ್ಲಿ ಅಚ್ಚು ಹಾಕಲು ಬರುವ ರಾಜ್ಯಕ್ಕೆ, "ನಾಳೆ ಸಿಡಿಲು ಬಿದ್ದೀತು, ಮರದ ಕೆಳಗೆ ನಿಲ್ಲಬೇಡಿರಿ" ಎಂಬ ಎರಡು ಸಾಲುಗಳನ್ನು ಕನ್ನಡದಲ್ಲಿ ಕಳಿಸಲು ಏಕೆ ಬರುವದಿಲ್ಲ? ಪಾಠ ಪರೀಕ್ಷೆಗಾಗಿ, ಎಚ್ಚರಿಕೆ ಪ್ರಾಣಕ್ಕಾಗಿ. ಭಾರತದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಜನ ಸಿಡಿಲಿಗೆ ಬಲಿಯಾಗುತ್ತಾರೆ. ಹೊಲದಲ್ಲಿ ದುಡಿಯುವವರೇ ಅವರಲ್ಲಿ ಹೆಚ್ಚು.

ಎರಡು ಆಕ್ಷೇಪಗಳಿಗೆ ಉತ್ತರ ಕೊಟ್ಟು ಮುಂದೆ ಸಾಗೋಣ. ದೈವ ಕೊಟ್ಟದ್ದನ್ನು ಉಣ್ಣಬೇಕೆಂಬದು ಹಳೆಯ ಆಕ್ಷೇಪ. ದೈವವನ್ನು ನಂಬಿದ ನಮ್ಮ ಹಿರಿಯರೇ ಕೆರೆ ಕಟ್ಟಿಸಿದರು, ಬಾವಿ ತೋಡಿಸಿದರು, ಹಗೇವಿನಲ್ಲಿ ಜೋಳ ತುಂಬಿಟ್ಟರು. ಅವರ ಭಕ್ತಿ ಕೈಕಟ್ಟಿ ಕುಳಿತದ್ದಲ್ಲ. ಎರಡನೆಯದು ಹೊಸ ಆಕ್ಷೇಪ: ಭೂಮಿ ಬಿಸಿಯಾಗುತ್ತಿದೆ, ಇದು ಜಗತ್ತಿನ ಸಮಸ್ಯೆ, ಉಮರ್ಗಾದ ತಹಶೀಲದಾರರು ಏನು ಮಾಡಿಯಾರು? ಭೂಮಿ ಬಿಸಿಯಾಗುತ್ತಿರುವದು ಸತ್ಯವೇ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ಉಗಿಯನ್ನು ಹಿಡಿದೀತು. ಆದ್ದರಿಂದ ಸುರಿದಾಗ ಹೆಚ್ಚು ಸುರಿಯುವದು. ಹೊಗೆ ಹೆಚ್ಚಾಗಿ ಬಿಟ್ಟವರು ಶ್ರೀಮಂತ ದೇಶಗಳವರು. ಅವರ ಋಣ ಅವರು ತೀರಿಸಲಿ. ಆದರೆ ಅಪಾಯ ಹೆಚ್ಚುವದೆಂದು ಗೊತ್ತಾದ ಮೇಲೆ ಹೆಚ್ಚು ಸಿದ್ಧರಾಗಬೇಕೋ, ಕಡಿಮೆಯೋ? ಹಿಂದೆ ದೇವರ ಹೆಸರು ಹೇಳಿ ಜಾರಿಕೊಳ್ಳುತ್ತಿದ್ದವರು ಈಗ ಹವಾಮಾನ ಬದಲಾವಣೆಯ ಹೆಸರು ಹೇಳಿ ಜಾರಿಕೊಳ್ಳತೊಡಗಿದ್ದಾರೆ. ನೆಪ ಬದಲಾಯಿತೇ ಹೊರತು ನಡತೆ ಬದಲಾಗಲಿಲ್ಲ.

ಶಿಕ್ಷಕ ಬಂಧುಗಳೇ, ಇಲ್ಲಿ ನಿಮ್ಮ ಕರ್ತವ್ಯ ಬರುವದು. ಕನ್ನಡ ಓದಲು, ಮರಾಠಿ ಬರೆಯಲು, ಲೆಕ್ಕ ಮಾಡಲು ಬರುವ ಮನುಷ್ಯ ಪ್ರತಿಯೊಂದು ಕನ್ನಡ ಶಾಲೆಯ ಊರಿನಲ್ಲಿಯೂ ಒಬ್ಬನಾದರೂ ಇದ್ದಾನೆ, ಅವನು ನೀವು. ಮೊದಲನೆಯದಾಗಿ, ಪ್ರತಿ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ನಿಲ್ಲಲಿ. ತೆರವಾದ ಜಾಗದಲ್ಲಿ, ಗೋಡೆ ಮರಗಳಿಂದ ದೂರ, ನೇರವಾದ ಬದಿಗಳುಳ್ಳ ಒಂದು ಪಾತ್ರೆಯೂ ಒಂದು ಅಳತೆಪಟ್ಟಿಯೂ ಆರಂಭಕ್ಕೆ ಸಾಕು. ಹವಾಮಾನ ಇಲಾಖೆಯ ರೂಢಿಯಂತೆ ದಿನಾಲೂ ಮುಂಜಾನೆ ಎಂಟೂವರೆಗೆ ಮಕ್ಕಳು ಅಳೆದು, ತಾರೀಖು ಹಾಕಿ ವಹಿಯಲ್ಲಿ ಬರೆಯಲಿ, ರವಿವಾರವೂ ತಪ್ಪದಿರಲಿ. ಹತ್ತು ವರ್ಷಗಳ ಇಂಥ ವಹಿ ಒಂದು ಊರಿನ ಆಸ್ತಿ. ಮಂಡಲದ ಮಾಪಕ ೬೦ ಎ೦ದು ಹೇಳಿದ ದಿನ, ಊರಿನ ಹಿರಿಯರ ಸಹಿಯುಳ್ಳ ನಿಮ್ಮ ವಹಿ ೧೧೦ ಎಂದು ಹೇಳಲಿ. ಅದನ್ನು ಸಾಹೇಬರು ಒಪ್ಪಲಿ ಬಿಡಲಿ, ಪ್ರಶ್ನೆ ಕೇಳುವ ಆಧಾರವಂತೂ ನಮ್ಮ ಕೈಯಲ್ಲಿರುವದು.

ಎರಡನೆಯದಾಗಿ, ಶಾಲೆಯ ಹೊರಗೋಡೆಯ ಮೇಲೆ ಒಂದು ಕರಿಹಲಗೆ ಇರಲಿ. ಮಂಗಳವಾರ ಮತ್ತು ಶುಕ್ರವಾರದ ಪತ್ರಿಕೆಯ ಸಾರವನ್ನು ಊರಿನ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ಓದಲು ಬಾರದವರಿಗಾಗಿ ಮಕ್ಕಳು ಮನೆಗೆ ಹೋಗಿ ಹೇಳಲಿ. ಮೂರನೆಯದಾಗಿ, ಸಿಡಿಲಿನ ಪಾಠವನ್ನು ಪ್ರತಿ ವರ್ಷ ಮೇ ಮತ್ತು ಸಪ್ಟಂಬರದಲ್ಲಿ ಹೇಳಿರಿ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರವೆಂದು ತಿಳಿಯುವದು. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಹೊಲ ಬಿಟ್ಟು ಗಟ್ಟಿಯಾದ ಮನೆಯೊಳಗೆ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ತಾಸಿನ ವರೆಗೆ ಹೊರಬರಕೂಡದು. ಒಂಟಿ ಮರ, ತಂತಿಬೇಲಿ, ಕೆರೆದಂಡೆಗಳನ್ನು ಬಿಡಬೇಕು. ಇದನ್ನು ಕಲಿತ ಒಂದು ಮಗು ಒಂದು ಮನೆಯನ್ನು ಉಳಿಸೀತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಭಾರತದ ಸಂವಿಧಾನದ ೩೫೦ನೆಯ ವಿಧಿಯಂತೆ ಯಾವ ಪ್ರಜೆಯೇ ಆಗಲಿ, ತನ್ನ ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಇಲ್ಲವೆ ತನ್ನ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಸರಕಾರಕ್ಕೆ ಸಲ್ಲಿಸಬಹುದು. ಈ ಹಕ್ಕು ಪುಸ್ತಕದಲ್ಲಿ ಮಲಗಿದೆ, ಅದನ್ನು ಎಬ್ಬಿಸಿರಿ. ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಪತ್ರಲೇಖನ ಕಲಿಸುವಾಗ "ಗೆಳೆಯನಿಗೆ ಜಾತ್ರೆಯ ವರ್ಣನೆ" ಒಂದನ್ನೇ ಬರೆಯಿಸಬೇಡಿರಿ. ಬೆಳೆ ನಷ್ಟದ ಅರ್ಜಿಯನ್ನೂ, ಬಾವಿ ಬತ್ತಿದ ಅರ್ಜಿಯನ್ನೂ ತಾರೀಖು, ಗಟ್ಟ ನಂಬರು, ಅಳತೆಗಳ ಸಮೇತ ಬರೆಯಿಸಿರಿ. ಕನ್ನಡದಲ್ಲಿ ಬರೆಯಲಿ, ಕೆಳಗೆ ಮರಾಠಿ ಅನುವಾದವನ್ನೂ ಲಗತ್ತಿಸಲಿ. ಇದು ಜಗಳವಲ್ಲ, ನೆರೆತನ. ನಮ್ಮ ಮರಾಠಿ ನೆರೆಯವರ ಬಣವೆಯೂ ಅದೇ ನೀರಿನಲ್ಲಿ ಹರಿದುಹೋಗಿದೆ. ನಾವು ಕೇಳುವ ನ್ಯಾಯದಲ್ಲಿ ಅವರ ಪಾಲೂ ಇದೆ.

ನಾವು ಸರಕಾರವನ್ನು ಬೇಡುವದು ಸ್ವಲ್ಪ. ಗಡಿ ತಾಲೂಕುಗಳ ಹವಾಮಾನದ ಎಚ್ಚರಿಕೆಗಳೂ ಪರಿಹಾರದ ಸೂಚನೆಗಳೂ ಮರಾಠಿಯೊಡನೆ ಕನ್ನಡದಲ್ಲಿಯೂ ಹೊರಡಲಿ. ಮಳೆಯ ಅಳತೆ ಊರೂರಿಗೆ ಆಗಲಿ. ಉತಾರವಿಲ್ಲದ ಪಾಲುಗಾರನಿಗೂ ಕೂಲಿಯವರಿಗೂ ಪಂಚನಾಮೆಯಲ್ಲಿ ಒಂದು ಅಂಕಣ ದೊರೆಯಲಿ. ಜೋಳ, ತೊಗರಿಗಳಿಗೆ ಕಬ್ಬಿಗಿರುವಂಥ ಭರವಸೆಯ ಖರೀದಿ ಇರಲಿ. ಕಬ್ಬು ಕಡಿಯಲು ಹೋದವರ ಮಕ್ಕಳು ಊರಿನಲ್ಲಿಯೇ ಉಳಿದು ಓದುವಂತೆ ಊಟ ವಸತಿಗಳ ಏರ್ಪಾಡಾಗಲಿ. ಆ ಮಕ್ಕಳು ಮರಳಿ ಬರುವ ವರೆಗೆ ಪಟಸಂಖ್ಯೆಯ ನೆಪದಿಂದ ಯಾವ ಕನ್ನಡ ಶಾಲೆಯೂ ಮುಚ್ಚದಿರಲಿ. ಇವುಗಳಲ್ಲಿ ಯಾವದೂ ಮುಗಿಲಿನ ಅಧೀನದಲ್ಲಿಲ್ಲ. ಎಲ್ಲವೂ ಮನುಷ್ಯರ ಸಹಿಯಿಂದ ಆಗತಕ್ಕವು.

ಮುಂದಿನ ಮಿರಗದ ಮಳೆಯ ಹೊತ್ತಿಗೆ ಈ ಮೂರು ತಾಲೂಕುಗಳ ಪ್ರತಿ ಕನ್ನಡ ಶಾಲೆಯ ಅಂಗಳದಲ್ಲಿ ಮಾಪಕ ನಿಂತಿರಲಿ, ವಹಿಯ ಮೊದಲ ಪುಟದಲ್ಲಿ ಮೊದಲ ಅಂಕಿ ಬಿದ್ದಿರಲಿ. ಬರದ ಕಾರಣ ಕೇಳಿದ ಪ್ರಶ್ನೆಗೆ "ಮಳೆ ಇಲ್ಲದ್ದು" ಎಂದು ಮಾತ್ರ ಬರೆದ ಮಗುವಿಗೆ ಅರ್ಧ ಅಂಕ ಕೊಡಿರಿ. ಉಳಿದರ್ಧ ಉತ್ತರವನ್ನು ಹುಡುಕಿ ತರಲು ಊರೊಳಗೆ ಕಳಿಸಿರಿ.